ನಿಮಿಷಕ್ಕೆ ನಲವತ್ತು ಏಟು

ಮುನಿರಾಬಾದಿನ ಡ್ಯಾಮ್ ಕ್ಯಾಂಪಿನಲ್ಲಿ ಫಿಟ್ಟರ್ ಓಬಳೆಪ್ಪ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಉಣ್ಣಲು ಕೂತರೂ ಒಂದು ಹಿಮ್ಮಡಿ ನೆಲ ಬಿಟ್ಟು ಎದ್ದೇ ಇರುತ್ತಿತ್ತು. ದೂರದಲ್ಲೆಲ್ಲೋ ಪಂಪು ನಿಂತಿತೆಂದರೆ, ತುತ್ತು ಬಾಯಿಗೆ ಹೋಗುವ ಮೊದಲೇ ಅವನು ಬಾಗಿಲಿಗೆ ಹೋಗಿರುತ್ತಿದ್ದ. ತಿರುಗುವ ಯಂತ್ರ ನಿಂತರೆ, ನಿಂತ ಓಬಳೆಪ್ಪ ತಿರುಗಲು ಶುರು.

ಮಡಿವಾಳರ ಮನೆಯ ಮಗ. ಅವ್ವ ಹುಲಿಗವ್ವ ಹುಲಿಗಿಯ ಹೊಳೆದಂಡೆಯ ಕಲ್ಲಿನ ಮೇಲೆ ಮೂವತ್ತು ವರ್ಷ ಬಟ್ಟೆ ಒಗೆದವಳು. ಮಗ ಆ ಒಗೆಯುವುದನ್ನೇ ಒಗೆದು ವರ್ಕ್‌ಶಾಪಿನಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದವನು. ಊರಿನಲ್ಲಿ ಯಾರ ಮನೆಯ ಬಟ್ಟೆ ಯಾವ ಮಡಿವಾಳರಿಗೆ ಎಂಬುದು ಅಜ್ಜ ಮುತ್ತಜ್ಜನ ಕಾಲಕ್ಕೇ ತೀರ್ಮಾನವಾಗಿತ್ತು. ಆದರೆ ಹುಲಿಗವ್ವನ ಪಾಲಿನ ಮನೆಗಳವರು ಈಗ ಡ್ಯಾಮಿನ ಕೂಲಿಗೆ ಸೇರಿ, ತಮ್ಮ ಬಟ್ಟೆ ತಾವೇ ಹಿಂಡಿಕೊಳ್ಳುತ್ತಿದ್ದರು. ಅವಳಿಗೆ ಉಳಿದದ್ದು ಒಂದೇ ದೊಡ್ಡ ಮನೆ, ಎಂಜಿನಿಯರ್ ಗವಿಸಿದ್ದಪ್ಪನವರ ಬಂಗಲೆ. ಆ ಮನೆಯ ಗಂಟು ತಲೆಯ ಮೇಲಿರುವತನಕ ಅವಳ ತಲೆ ಬಗ್ಗಿದ್ದಿಲ್ಲ.

ನಲವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಸಾಹೇಬರು ಅಮೆರಿಕೆಯ ಅಣೆಕಟ್ಟುಗಳನ್ನು ನೋಡಿಕೊಂಡು ಬಂದರು. ಬರುವಾಗ ಮರದ ಪೆಟ್ಟಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರವೊಂದನ್ನು ತಂದರು. ನಾಲ್ಕು ಕಾಲು, ಬಿಳಿ ಹೊಟ್ಟೆ, ಹೊಟ್ಟೆಯ ಕೆಳಗೆ ಮೋಟರು. ಹೆಂಡತಿ ವಿರೂಪಾಕ್ಷಮ್ಮ ಅರಿಷಿಣ ಕುಂಕುಮ ಏರಿಸಿ ಗುಂಡಿ ಒತ್ತಿದರು. ಯಂತ್ರ ಒಮ್ಮೆ ಗುಮ್ಮೆಂದಿತು, ಊದುಬತ್ತಿಗೂ ನಾಚಿಕೆಯಾಗುವಷ್ಟು ಹೊಗೆ ಬಿಟ್ಟಿತು, ಸುಮ್ಮನಾಯಿತು. ಓಬಳೆಪ್ಪನಿಗೆ ಕರೆ ಬಂತು.

ಅವನು ಮೊದಲು ಮೋಟರಿನಿಂದ ಗಾಲಿಗೆ ಹಾಯ್ದ ಚರ್ಮದ ಪಟ್ಟಾ ಬಿಚ್ಚಿದ. ತೊಟ್ಟಿಯೊಳಗಿನ ಬಟ್ಟೆ ತಿರುವುವ ಕೈಯನ್ನು ಅಲ್ಲಾಡಿಸಿದ; ಸಲೀಸಾಗಿ ಆಡಿತು. ಮೋಟರಿನ ದಂಡವನ್ನು ಬೆರಳಲ್ಲಿ ತಿರುವಿದ, ಅದೂ ತಿರುಗಿತು. ಹಾಗಾದರೆ ಎಲ್ಲಿಯೂ ಹಿಡಿದುಕೊಂಡಿಲ್ಲ. ಮುಚ್ಚಳ ತೆಗೆದು ಮೂಸಿದ. ಒಳಗಿನ ತಂತಿಯೆಲ್ಲ ಸುಟ್ಟ ಬದನೆಕಾಯಿಯ ಬಣ್ಣ.

“ಕರಕಲಾಗೇತ್ರಿ ಅಮ್ಮಾರ. ಇದು ನೂರಾಹತ್ತು ಕರೆಂಟ್ ಕುಡಿಯೋ ಕೂಸು. ನಾವು ಇನ್ನೂರಾಮೂವತ್ತು ಕುಡಿಸೇವಿ.”

“ಅಯ್ಯ! ಈಗೇನ್ ಮಾಡ್ತಿ?”

“ಬ್ಯಾರೆ ಮೋಟರ್ ಕೂಡಸ್ತೀನ್ರಿ.”

ಆಡಿದ ಮೇಲೆ ನೋಡಿದರೆ ಹಿತ್ತಲ ಬಾಗಿಲಲ್ಲಿ ಅವ್ವ ಗಂಟು ಹೊತ್ತು ನಿಂತಿದ್ದಳು. ಯಂತ್ರ ತಿರುಗಿದರೆ ಅವ್ವನ ಕಲ್ಲು ನಿಲ್ಲುತ್ತದೆ. ಇಷ್ಟು ಸಣ್ಣ ಲೆಕ್ಕ ಓಬಳೆಪ್ಪನಿಗೆ ತಿಳಿಯದ್ದಲ್ಲ. ಕೆಟ್ಟ ಮೋಟರನ್ನು ಕಂಡಾಗ ಅವನ ಬಾಯಿ ತಲೆಯನ್ನು ಕೇಳುತ್ತಿರಲಿಲ್ಲ.

“ಕೂಡಸ್ತಿ, ಕೂಡಸ್ತಿ,” ಎಂದಳು ಹುಲಿಗವ್ವ, ಮನೆಗೆ ಹೋಗುವ ದಾರಿಯಲ್ಲಿ. “ಮೋಟರ್ ಅಲ್ಲಿ ಕೂಡಸು, ಅವ್ವನ್ನ ಮನ್ಯಾಗ ಕೂಡಸು.”

“ಯವ್ವಾ, ನಿನ್ನ ಮಣಕಾಲರ ನೋಡ್ಕೊ. ಹೊಳಿಯಿಂದ ಏಳಾಕ ಇಬ್ರು ಬೇಕು.”

“ಮಣಕಾಲು ನಂದು. ನೋವಾದ್ರೂ ನಂದ, ನಡದ್ರೂ ನಂದ. ನೀ ನಿನ್ನ ಪಾನಾ ನೋಡ್ಕೊ.”

ಮರುದಿನ ವರ್ಕ್‌ಶಾಪಿನ ಮೂಲೆಯಲ್ಲಿ, ಸಾಣೆಕಲ್ಲು ಒಡೆದು ಬಿದ್ದಿದ್ದ ಯಂತ್ರದಿಂದ ಒಂದು ಮೋಟರು ಸಿಕ್ಕಿತು. ಸ್ಟೋರು ನೋಡಿಕೊಳ್ಳುವ ಚಾಂದಸಾಬ ಸಾಹೇಬರ ಚೀಟಿಯನ್ನು ಎರಡು ಸಲ ಓದಿ ಕೊಟ್ಟ. “ಒಯ್ಯಿ. ಆದ್ರ ಇದು ಸಾಣಿ ತಿರುಗಿಸಿದ್ದು ನೋಡಪಾ. ಹರೇದ ಹುಡುಗ ಇದ್ದಂಗ. ಓಡೋದೊಂದ ಗೊತ್ತು.”

ಹೇಳಿದ್ದು ಸುಳ್ಳಾಗಲಿಲ್ಲ. ಹಳೆಯ ತೂತುಗಳಿಗೆ ಹೊಸ ಮೋಟರು ಕೂಡದೆ, ಕೆಳಗೊಂದು ಹಲಗೆ ಬಡಿದು, ಪಟ್ಟಾ ಏರಿಸಿ ಗುಂಡಿ ಒತ್ತಿದಾಗ, ಒಳಗಿನ ಕೈ ನಾಯಿ ಮೈಕೊಡವಿದ ಹಾಗೆ ಆಡಿತು. ಸಾಬೂನಿನ ನೀರು ಸೂರಿಗೆ ಹಾರಿತು. ಒಳಗೆ ಹಾಕಿದ್ದು ಒಂದು ದಿಂಬಿನ ಚೀಲ, ಹೊರಗೆ ಬಂದದ್ದು ಹನ್ನೊಂದು ಚಿಂದಿ.

“ಓಬಳೆಪ್ಪಾ, ಇದು ಬಟ್ಟಿ ಒಗಿಯೂದಿಲ್ಲ. ಒಗದ ಬಿಡ್ತೈತಿ,” ಎಂದರು ವಿರೂಪಾಕ್ಷಮ್ಮ, ಮುಖ ಒರೆಸಿಕೊಳ್ಳುತ್ತ.

ದೊಡ್ಡ ಗಾಲಿ ಹಾಕಿದರೆ ಓಟ ತಗ್ಗುತ್ತದೆಂಬುದು ಅವನಿಗೆ ಗೊತ್ತು. ಎಷ್ಟು ದೊಡ್ಡದು? ಯಂತ್ರದ ಜೊತೆ ಬಂದ ಪುಸ್ತಕವನ್ನು ಸಾಹೇಬರು ಪೂರ್ತಿ ಓದಿ ಹೇಳಿದರು. ಅದು ಸತ್ತ ಮೋಟರಿನ ಜಾತಕ. ಒಗೆಯುವ ಕೈ ನಿಮಿಷಕ್ಕೆ ಎಷ್ಟು ಸಲ ಆಡಬೇಕೆಂದು ಅದರಲ್ಲಿ ಇರಲಿಲ್ಲ. ಓಬಳೆಪ್ಪನಿಗೆ ಎರಡು ದಿನ ಅನ್ನ ಸೇರಲಿಲ್ಲ. ಬಂಗಲೆಗೆ ಹೋದ, ವರ್ಕ್‌ಶಾಪಿಗೆ ಹೋದ, ಸುಮ್ಮನೆ ಹೊಳೆಯ ಕಡೆಗೂ ಹೋದ. ಕೆಟ್ಟ ಯಂತ್ರ ಕೆಟ್ಟೇ ಇರಲಿ, ಅವ್ವನ ಗಂಟು ಉಳಿಯಲಿ ಎಂದು ಒಂದು ಮನಸ್ಸು. ಆ ಮನಸ್ಸಿನ ಮಾತು ಕೇಳುವಷ್ಟು ಹೊತ್ತು ನಿಂತಿದ್ದರೆ ಅವನು ಓಬಳೆಪ್ಪನೇ ಅಲ್ಲ.

ಹೊಳೆಯಲ್ಲಿ ಅವ್ವ ಒಗೆಯುತ್ತಿದ್ದಳು. ಥಪ್. ಆಮೇಲೆ ಒಂದು ಸಣ್ಣ ಬಿಡುವು, ಬಟ್ಟೆ ಉಸಿರು ಬಿಡುವಷ್ಟು. ಮತ್ತೆ ಥಪ್. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಸದ್ದು ಅದು. ಕೇಳಿದ್ದು ಅವತ್ತೇ ಮೊದಲು.

ಚಾಂದಸಾಬನ ಕಿಸೆ ಗಡಿಯಾರ ಕಡ ತಂದು, ಜಾಲಿ ಗಿಡದ ಹಿಂದೆ ಕೂತು ಎಣಿಸಿದ. ನಿಮಿಷಕ್ಕೆ ನಲವತ್ತು. ಅಂಗಿಗೂ ನಲವತ್ತು, ಸೀರೆಗೂ ನಲವತ್ತು. ಬಂಗಲೆಗೆ ಓಡಿ ಯಂತ್ರವನ್ನು ಎಣಿಸಿದ. ನೂರಾ ಇಪ್ಪತ್ತು. ಹಳೆಯ ಗಾಲಿಯ ಸುತ್ತ ದಾರ ಸುತ್ತಿ, ಆ ದಾರದ ಮೂರರಷ್ಟು ಕತ್ತರಿಸಿಕೊಂಡು, ಗೊಂಬೆ ಮಾಡುವವರ ಊರು ಕಿನ್ನಾಳಕ್ಕೆ ಸೈಕಲ್ ತುಳಿದ. ಬಡಗಿ ಮುದುಕಪ್ಪ ದಾರವನ್ನು ಹಿಡಿದು ನೋಡಿದ. “ಯಾವ ಗೊಂಬಿಗೋ ತಮ್ಮಾ ಈ ಗಾಲಿ?”

“ಒಗೆಯೋ ಗೊಂಬಿಗೆ ಯಜ್ಜಾ. ಲಗೂನ ಮಾಡು.”

ರೊಟ್ಟಿ ಹಂಚಿನಷ್ಟು ಅಗಲದ ತೇಗದ ಗಾಲಿ ಬಂತು, ಕೂತಿತು, ತಿರುಗಿತು. ಒಳಗಿನ ಕೈ ನಿಧಾನಕ್ಕೆ ಅತ್ತ ಹೊರಳಿ, ಒಂದು ಉಸಿರು ನಿಂತು, ಇತ್ತ ಹೊರಳಿತು. ಸಾಹೇಬರ ಧೋತರ ಸುಖವಾಗಿ ಮಗ್ಗಲು ಬದಲಿಸುತ್ತಿತ್ತು.

ಗಂಟು ಒಯ್ಯಲು ಬಂದ ಹುಲಿಗವ್ವ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ತಲೆ ಒಂದು ಕಡೆಗೆ ವಾಲಿತು.

“ಓಬ್ಯಾ. ಇದು ನನ್ನ ಕೈ.”

“ಹೌದಬೇ,” ಎಂದ ಓಬಳೆಪ್ಪ. “ಜಾಲಿ ಗಿಡದ ಹಿಂದ ಕುಂತು ಎಣಿಸಿದೆ.”

“ಕಳ್ಳ ನನ ಮಗನ. ಅವ್ವನ ಕೈ ಕದ್ದು ಕಬ್ಬಿಣಕ್ಕ ಕಟ್ಟೀಯಲ್ಲೋ!”

ವಿರೂಪಾಕ್ಷಮ್ಮನಿಗೆ ಇದು ಅರ್ಥವಾಗಲಿಲ್ಲ. ಅವರು ಸಂತೋಷದಲ್ಲಿದ್ದರು. “ಹುಲಿಗವ್ವಾ, ನಾಳಿಯಿಂದ ನೀ ಹೊಳಿಗೆ ಹೋಗಿ ತ್ರಾಸ ತಗೋಳೋದು ಬ್ಯಾಡ. ಗಂಟಿಗೆ ಬರಬ್ಯಾಡ.”

ಓಬಳೆಪ್ಪ ಅವ್ವನ ಕಡೆ ತಿರುಗಿದ. ಹುಲಿಗವ್ವ ಮಾತ್ರ ಅಮ್ಮನವರ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಅವಳ ಕಿವಿ ಇನ್ನೂ ಯಂತ್ರದ ಮೇಲಿತ್ತು.

“ನಿಂದ್ರಸು,” ಎಂದಳು. “ಕೈ ಸೋಲಾಕ ಹತ್ತೇತಿ.”

“ಏನೂ ಸೋತಿಲ್ಲಬೇ. ಛಲೋ ನಡದೈತಿ.”

“ನಿಂದ್ರಸಲೇ!”

ಓಬಳೆಪ್ಪ ಗಡಿಯಾರ ಹಿಡಿದು ಎಣಿಸಿದ. ಮೂವತ್ತಾರು. ಬಗ್ಗಿ ನೋಡಿದರೆ, ನೀರು ಸಿಡಿದು ಮರದ ಗಾಲಿ ತೊಯ್ದು, ಚರ್ಮದ ಪಟ್ಟಾ ಸದ್ದಿಲ್ಲದೆ ಜಾರುತ್ತಿತ್ತು. ಹಾಗೇ ಬಿಟ್ಟಿದ್ದರೆ ಪಟ್ಟಾ ಗಾಲಿಗೆ ಸಿಕ್ಕಿ ಮೋಟರು ಮತ್ತೆ ಹೊಗೆಯಾಡುತ್ತಿತ್ತು. ಒರೆಸಿ, ಬಿಗಿದು, ಮತ್ತೆ ಬಿಟ್ಟ. ಮಧ್ಯಾಹ್ನದೊಳಗೆ ಅವಳು ಇನ್ನೆರಡು ಸಲ ನಿಲ್ಲಿಸಿದಳು. ಎರಡೂ ಸಲ ಅವನ ಕಿವಿಗೆ ಏನೂ ಬಿದ್ದಿರಲಿಲ್ಲ.

ಓಬಳೆಪ್ಪ ಕೈ ಒರೆಸಿಕೊಂಡು ವಿರೂಪಾಕ್ಷಮ್ಮನ ಮುಂದೆ ನಿಂತ. ನೆಟ್ಟಗೆ, ಎರಡೂ ಹಿಮ್ಮಡಿ ಊರಿ ನಿಂತ.

“ಅಮ್ಮಾರ, ಕಬ್ಬಿಣದ ಗಾಲಿ ಆಗೋತನ ಇದರ ಮಗ್ಗಲ ಒಬ್ರು ಬೇಕ್ರಿ. ಪಟ್ಟಾ ಜಾರಿದ್ದು ಕಿವೀಲೆ ತಿಳಿಯೋರು. ಇಲ್ಲಂದ್ರ ಈ ಮೋಟರೂ ಸುಡ್ತೈತಿ.”

“ಹಂಗಾದ್ರ ನೀನ ಬಂದು ಕುಂದ್ರು.”

“ನನಗ ತಿಳಿಲಿಲ್ರೀ,” ಎಂದ. ಯಂತ್ರದ ಬಗ್ಗೆ ಆ ಮಾತು ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. “ಅಕಿಗೆ ತಿಳೀತು.”

ವಿರೂಪಾಕ್ಷಮ್ಮ ಹನ್ನೊಂದು ಚಿಂದಿಗಳನ್ನು ನೆನೆಸಿಕೊಂಡಿರಬೇಕು. ಮರುದಿನದಿಂದ ಯಂತ್ರದ ಪಕ್ಕ ಹುಲಿಗವ್ವನಿಗೊಂದು ಮೂರು ಕಾಲಿನ ಪೀಠ ಬಿತ್ತು. ಅದರ ಮೇಲೆ ಅವಳು ಕೂತದ್ದು ಕಡಿಮೆ. ಕಾಲರು, ಸೆರಗಿನ ಅಂಚು ಈ ಗೊಂಬೆಗೆ ತಿಳಿಯುವುದಿಲ್ಲವೆಂದು ಬಾವಿಯ ಕಟ್ಟೆಯ ಮೇಲೆ ಹಾಕಿ ಬಡಿಯುವಳು, ಬಡಿಯುತ್ತಲೇ ಒಳಗಿನ ಸದ್ದಿಗೆ “ಏ, ಸೋಲಬ್ಯಾಡ!” ಎಂದು ಗದರುವಳು.

ಇನ್ನು ಆ ಕಬ್ಬಿಣದ ಗಾಲಿ. ಓಬಳೆಪ್ಪ ಅದಕ್ಕೆ ಅಳತೆ ತೆಗೆದ, ಕಬ್ಬಿಣವನ್ನೂ ಆರಿಸಿಟ್ಟ. ಅದರ ಮೇಲೆ ಎರಡು ಮಳೆಗಾಲದ ತುಕ್ಕು ಹಿಡಿಯಿತು. ಚಾಂದಸಾಬ ಕೇಳಿದಾಗೆಲ್ಲ “ಮಾಡೋಣು ತಡೀರಿ ಚಾಚಾ, ಅವಸರ ಏನೈತಿ?” ಎನ್ನುತ್ತಿದ್ದ, ಒಂದು ಹಿಮ್ಮಡಿ ಎತ್ತಿಕೊಂಡೇ.