ಅವ್ವನ ಹಾಡಿಗೆ ಬೇಕಾದ ಫಾಂಟ್

ಊರೆಲ್ಲ ಅಕ್ಕೋರು ಎಂದು ಕರೆಯುವ ಹುನಗುಂದದ ನಿವೃತ್ತ ಶಿಕ್ಷಕಿಯೊಬ್ಬರ ಕಂಪ್ಯೂಟರ್ ಭಾಳ ಹಳೆಯದು, ಹೊಸ ವಿಂಡೋಸ್ ಅದರಲ್ಲಿ ನಡೆಯುವಂತಿರಲಿಲ್ಲ. ರಿಪೇರಿಗೆ ಹೋದ ನಾನು, ಕಲಿಯಲು ಸುಲಭ ಎಂದು ಒಪ್ಪಿಸಿ ವಿಂಡೋಸಿನ ಬದಲು ಹಳೆಯ ಕಂಪ್ಯೂಟರಿನಲ್ಲೂ ನಡೆಯುವ ಲಿನಕ್ಸ್ ಮಿಂಟ್ ಹಾಕಿದೆ. ಅವರ ಫೈಲುಗಳನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದೆ, ಆಮೇಲೆ ವಾಪಸ್ ಹಾಕಿದೆ.

ಅಕ್ಕೋರು ಮೊದಲು ತೆರೆದದ್ದು ಬೀಸುವ ಹಾಡುಗಳ ಫೈಲು. ತೀರಿಹೋದ ತಾಯಿಯ ಬಾಯಿಂದ ಕೇಳಿ ತಾವೇ ಟೈಪ್ ಮಾಡಿದ್ದವು. ಪರದೆಯ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ, ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

"ನಮ್ಮವ್ವನ ಹಾಡು ಎಲ್ಲಿ ಹ್ವಾದ್ವೋ ತಮ್ಮಾ?" ಎಂದರು.

"ಎಲ್ಲೂ ಹೋಗಿಲ್ರಿ ಅಕ್ಕೋರ. ನೀವು ಟೈಪ್ ಮಾಡಿದ ಕನ್ನಡ ಫಾಂಟ್ ಇದ್ರಾಗ ಇಲ್ಲ, ಅದಕ್ಕ ಅಕ್ಷರ ಹಿಂಗ ಕಾಣಾಕತ್ತಾವ, ಅಷ್ಟ," ಎಂದೆ.

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಆ ಫಾಂಟನ್ನು ಹಾಕಿ ಫೈಲು ಮತ್ತೆ ತೆರೆದೆ. ಹಾಡುಗಳೆಲ್ಲ ಕನ್ನಡದಲ್ಲೇ ಬಂದವು. ಅಕ್ಕೋರು ಕಣ್ಣೊರೆಸಿಕೊಂಡು ಮೆಲ್ಲಗೆ ಒಂದು ಹಾಡು ಹೇಳತೊಡಗಿದರು. ನಡುವೆ ತಟ್ಟನೆ ನಿಂತರು.

"ಇಲ್ನೋಡು, ದೀರ್ಘ ಬಿಟ್ಟೈತಿ ನಿನ್ನ ಲಿನಕ್ಸು."

"ಅದು ನೀವ ಟೈಪ್ ಮಾಡಿದ್ದರಿ."

"ವಿಂಡೋಸಿನ್ಯಾಗ ಸರಿ ಇತ್ತು!"

ಮೂವತ್ತು ವರ್ಷ ಕಾಗುಣಿತ ತಿದ್ದಿದವರ ಜೊತೆ ವಾದ ಮಾಡಲಾದೀತೇ? ಅದನ್ನೂ ರಿಪೇರಿ ಎಂದೇ ತಿಳಿದು ದೀರ್ಘ ಹಾಕಿಕೊಟ್ಟೆ.