ಬಾಯಮ್ಮನ ದೋಣಿ ವ್ಯಾಪಾರ

ಕಳೆದ ವಾರ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ಚೀಲದಿಂದ ಪುಟ್ಟ ಶೀಶೆ ತೆಗೆದು ಹಸಿರು ನೋವಿನೆಣ್ಣೆಯನ್ನು ಹೆಬ್ಬೆರಳಿಗೆ ತಿಕ್ಕಿಕೊಂಡರು. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ತಪ್ಪದೆ ಇರುತ್ತಿದ್ದ ಎಣ್ಣೆ ಅದು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತೋಡಾರಿನ ನಮ್ಮ ಪಕ್ಕದ ಮನೆಯ ಬಾಯಮ್ಮ ಕಣ್ಣ ಮುಂದೆ ಬಂದರು...

ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ನಾವು ಕರೆಯುವುದೇ ಬಾಯಮ್ಮ ಎಂದು. ಇವರು ಕುವೈತಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯಾಗಿ ಊರಿಗೆ ಬಂದವರು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆ, ಆಮೇಲೆ ಅಡುಗೆ, ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಆನ್‌ಲೈನ್ ಆಟ. ಸಮುದ್ರ, ದ್ವೀಪ, ಹಾಯಿದೋಣಿಗಳ ಆಟ ಅದು. ಎಲ್ಲೆಲ್ಲಿಯವರೋ ಒಟ್ಟಿಗೆ ಆಡುತ್ತಿದ್ದರು, ಒಬ್ಬೊಬ್ಬರಿಗೂ ಒಂದೊಂದು ಬಂದರು. ಗಳಿಸಿದ ದೋಣಿ, ಲಂಗರುಗಳನ್ನು ತಮ್ಮೊಳಗೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಬೆರಳು ನೋಯುವವರೆಗೆ ಮೌಸ್ ಹಿಡಿಯುವುದು, ಎಣ್ಣೆ ತಿಕ್ಕುವುದು, ಮತ್ತೆ ಆಟ. ಪಿಯುಸಿಯಲ್ಲಿದ್ದ ನನಗೆ ಆ ಆಟ ಕಲಿಸಿದ್ದು ಅವರೇ.

ಅದಲುಬದಲು ಕಲಿಸುವ ಮೊದಲು ತಾನು ಮೋಸಹೋದ ಕಥೆ ಹೇಳಿದ್ದರು. ಪರದೆಯ ಮೇಲೆ ಇಬ್ಬರೂ ತಮ್ಮ ತಮ್ಮ ವಸ್ತು ಇಟ್ಟು, ಇಬ್ಬರೂ ಒಪ್ಪಿಗೆ ಒತ್ತಿದ ಮೇಲೆಯೇ ಅವು ಕೈ ಬದಲಾಗುವುದು. ಎದುರಿನವನು ಚಿನ್ನದ ಲಂಗರು ಇಟ್ಟನಂತೆ. ಕೊನೆ ಗಳಿಗೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ತೆಗೆದು, ಮತ್ತೆ ಇಟ್ಟದ್ದು ಅದೇ ಬಣ್ಣದ ಹಿತ್ತಾಳೆಯ ಲಂಗರು.

"ಮೂವತ್ತು ವರ್ಷ ಮದ್ದಿನ ಹೆಸರು ಎರಡೆರಡು ಸಲ ಓದಿ ಕೊಟ್ಟವಳು ನಾನು. ಅವತ್ತು ಓದ್ಲಿಲ್ಲ ಮಾರಾಯ್ತಿ. ಅವನು ಅರ್ಜೆಂಟ್ ಮಾಡಿದ, ನಾನು ಒತ್ತಿಬಿಟ್ಟೆ," ಎಂದಿದ್ದರು.

ಆಮೇಲೆ ಅವರಿಗೆ ಮೋಸ ಮಾಡಲು ಯಾರಿಂದಲೂ ಆಗಲಿಲ್ಲ. 'ನಿನ್ನದನ್ನು ಮೊದಲು ಕೊಡು, ನನ್ನದು ಆಮೇಲೆ' ಎನ್ನುವವರಿಗೆ 'ಪರದೆಯಲ್ಲಿ ಇಡು, ಇಲ್ಲದಿದ್ದರೆ ನಡಿ' ಎಂದು ಉತ್ತರ. ಬಹುಮಾನದ ಆಸೆ ಹುಟ್ಟಿಸಿ ಬರುವ ಲಿಂಕುಗಳನ್ನು ತೆರೆಯದೆಯೇ ಅಳಿಸುತ್ತಿದ್ದರು.

ಡಿಗ್ರಿಗೆಂದು ನಾನು ಉಜಿರೆಯ ಹಾಸ್ಟೆಲ್ ಸೇರಿದೆ. ಮೊಬೈಲಿನಲ್ಲಿ ಆಟ ಮುಂದುವರಿಯಿತು. ಒಂದೂವರೆ ವರ್ಷ ಬಿಡದೆ ಆಡಿ ನೀಲಿ ಹಾಯಿಯ ದೋಣಿ ಗಳಿಸಿದೆ. ನಮ್ಮ ಗುಂಪಿನಲ್ಲಿ ಬೇರೆ ಯಾರಲ್ಲೂ ಅದಿರಲಿಲ್ಲ. ನನಗಿಂತ ಹೆಚ್ಚು ಹಿಗ್ಗಿದವರು ಬಾಯಮ್ಮ.

ಆ ಸಮಯದಲ್ಲೇ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಮೂಡುಬಿದಿರೆಯ ಆಸ್ಪತ್ರೆಗೆ ಸೇರುತ್ತಿದ್ದೇನೆ, ಕೆಲವು ದಿನ ಆಟಕ್ಕಿಲ್ಲ ಎಂದು ಆಟದ ಗುಂಪಿಗೂ ತಿಳಿಸಿದ್ದರು. ಎರಡು ದಿನ ಕಳೆದು, ನಾನು ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಆಟದೊಳಗೆ ಅವರ ಹೆಸರಿನಿಂದ ಸಂದೇಶ ಬಂತು. ಆಸ್ಪತ್ರೆಯಲ್ಲಿ ಮಲಗಿ ಬೇಸರವಾಗಿದೆ, ನಿನ್ನ ನೀಲಿ ದೋಣಿಯನ್ನು ಎರಡು ದಿನದ ಮಟ್ಟಿಗೆ ನನ್ನ ಹೆಸರಿಗೆ ಕಳಿಸು, ಬೇಗ ಕಳಿಸು, ಇನ್ನು ಸ್ವಲ್ಪ ಹೊತ್ತಿನಲ್ಲಿ ಆಪರೇಷನ್ ಥಿಯೇಟರಿಗೆ ಕರೆದೊಯ್ಯುತ್ತಾರೆ...

ಕೈ ತುತ್ತಿನಲ್ಲೇ ನಿಂತಿತು. ಅವರು ಕೇಳಿದರೆ ದೋಣಿ ಏನು, ಇಡೀ ಬಂದರನ್ನೇ ಕೊಟ್ಟೇನು. ಆದರೆ ಆ 'ಬೇಗ' ಎಂಬ ಮಾತು ಬಾಯಮ್ಮನದಲ್ಲ ಅನಿಸಿತು. ಫೋನ್ ಮಾಡಿದೆ, ಸ್ವಿಚ್ ಆಫ್. ಆದರೆ ಕೇಳಿದ್ದು ನಿಜವಾಗಿಯೂ ಅವರೇ ಆಗಿದ್ದರೆ? ಅದೇ ಕೊನೆಯ ಆಸೆಯಾಗಿದ್ದರೆ? ದೋಣಿ ಕಳಿಸಲಿಲ್ಲ. ಮಧ್ಯಾಹ್ನದ ಪ್ರಾಕ್ಟಿಕಲ್ ಬಿಟ್ಟು, ವಾರ್ಡನ್ನಿಗೆ ಹೇಳಿ ಬಸ್ ಹತ್ತಿದೆ. ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು... ಆ ದಾರಿ ಅಷ್ಟು ಉದ್ದ ಅಂತ ನನಗೆ ಅವತ್ತೇ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಬಾಯಮ್ಮ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಅವರ ತಂಗಿ ಪಕ್ಕದಲ್ಲಿದ್ದರು. ನಾನು ಏದುಸಿರು ಬಿಡುತ್ತಲೇ ಕೇಳಿದೆ, "ಬಾಯಮ್ಮ, ನೀವು ನನ್ನ ದೋಣಿ ಕೇಳಿದ್ರಾ?"

"ಯಾವ ದೋಣಿ? ನನ್ನ ಫೋನನ್ನು ಇವಳು ಮೊನ್ನೆಯೇ ಕಿತ್ತಿಟ್ಟುಕೊಂಡಿದ್ದಾಳೆ. ನಿನ್ನದನ್ನು ಕೊಡು ಇಲ್ಲಿ, ನೋಡುವ."

ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಹೆಸರಿನ ಮೇಲೆ ಬೆರಳಿಟ್ಟರು. "ಇಲ್ಲಿ ನೋಡು, ಕೊನೆಗೆ ಒಂದು ಚುಕ್ಕಿ ಹೆಚ್ಚು ಉಂಟು. ಇದು ನಾನಲ್ಲ."

ತಾನು ಆಸ್ಪತ್ರೆ ಸೇರಿದ್ದನ್ನು ಗುಂಪಿನಲ್ಲಿ ಓದಿದ ಯಾರೋ ತನ್ನಂತೆಯೇ ಹೆಸರಿಟ್ಟುಕೊಂಡು ಬಂದಿದ್ದಾರೆ ಎಂದು ಬಾಯಮ್ಮ ವಿವರಿಸಿದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅವರಿಗೆ ನಗು.

"ನೀನು ಬಂದದ್ದು ದೋಣಿ ಉಳಿಸ್ಲಿಕ್ಕಾ, ನನ್ನನ್ನು ನೋಡ್ಲಿಕ್ಕಾ? ನಿಜ ಹೇಳು."

"ಎರಡಕ್ಕೂ," ಎಂದೆ.

"ಸರಿಯಾಯ್ತು. ಅನುಮಾನ ಬಂದದ್ದನ್ನು ಕಳಿಸಿದವರ ಹತ್ತಿರವೇ ಕೇಳಬಾರದು, ಬೇರೆ ದಾರಿಯಲ್ಲಿ ಹೋಗಿ ಕೇಳಬೇಕು. ನೀನು ಬಸ್ಸಿನಲ್ಲೇ ಬಂದುಬಿಟ್ಟೆ!"

ಗಂಜಿಯ ಬಟ್ಟಲನ್ನು ತಂಗಿಯ ಕೈಗಿತ್ತು, ಆ ನಕಲಿ ಹೆಸರಿನ ಬಗ್ಗೆ ಆಟ ನಡೆಸುವ ಕಂಪನಿಗೆ ನನ್ನಿಂದ ದೂರು ಬರೆಸಿದರು, ಗುಂಪಿನವರಿಗೆಲ್ಲ ಎಚ್ಚರಿಕೆ ಹಾಕಿಸಿದರು. ಒಂದೊಂದು ಸಾಲನ್ನೂ ನನ್ನಿಂದ ಓದಿಸಿ ಕೇಳಿದ ಮೇಲೆಯೇ ಕಳಿಸಲು ಬಿಟ್ಟದ್ದು. ಅದಾಗಲೇ ಗುಂಪಿನ ಇನ್ನಿಬ್ಬರಿಗೆ ಅಂಥದೇ ಸಂದೇಶ ಹೋಗಿತ್ತು. ಅವರ ದೋಣಿಗಳೂ ಉಳಿದವು.

ಆ ಸಲ ಬಾಯಮ್ಮ ಗುಣವಾಗಿ ಮನೆಗೆ ಬಂದರು. ಒಂದು ಮಳೆಗಾಲ ಇಬ್ಬರೂ ಚೆನ್ನಾಗಿ ಆಡಿದೆವು... ಮುಂದಿನ ಬೇಸಿಗೆಯಲ್ಲಿ ಒಂದು ದಿನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಕಾರ್ಯಗಳು ಮುಗಿದ ಮೇಲೆ ತಂಗಿ ನನ್ನನ್ನು ಕರೆದರು. "ಆ ಆಟದಲ್ಲಿ ಅಕ್ಕನದ್ದು ಎಂತೆಂತದೋ ಉಂಟಲ್ವಾ? ನೀನೇ ಇಟ್ಟುಕೋ ಮಗಾ. ಪಾಸ್‌ವರ್ಡ್ ಗೊತ್ತುಂಟಾ?"

ಗೊತ್ತಿರಲಿಲ್ಲ. ಪುಸ್ತಕದಲ್ಲಿ ಬರೆದಿಟ್ಟಿರಲಿಲ್ಲ, ತಂಗಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದರೆ ನಾನೇ ಅವರನ್ನು ಬೈಯುತ್ತಿದ್ದೆ.

ಈಗ ನಾನು ಬಂಟ್ವಾಳದಲ್ಲಿ ಕೆಲಸಕ್ಕಿದ್ದೇನೆ. ಭಾನುವಾರಗಳಲ್ಲಿ ಇನ್ನೂ ಆಡುತ್ತೇನೆ. ಹೊಸಬರು ವ್ಯಾಪಾರಕ್ಕೆ ಇಳಿಯುವ ಮುಂಚೆ ನನ್ನನ್ನು ಕೇಳುತ್ತಾರೆ, ಹೇಳಿಕೊಡುತ್ತೇನೆ. ನನಗೆ ಮೋಸ ಮಾಡಲು ಈವರೆಗೆ ಯಾರಿಂದಲೂ ಆಗಿಲ್ಲ, ಇನ್ನು ಮುಂದೆಯೂ ಆಗದು. ಕೆಲವೊಮ್ಮೆ ಬಾಯಮ್ಮನ ಬಂದರಿನ ಕಡೆ ಹೋಗಿ ನಿಲ್ಲುತ್ತೇನೆ. ಅವರು ದಡಕ್ಕೆ ಕಟ್ಟಿಹಾಕಿದ ದೋಣಿಗಳೆಲ್ಲ ಸಾಲಾಗಿ ತೇಲುತ್ತಿವೆ. ಯಾವ ಕಳ್ಳನೂ ಅವನ್ನು ಒಯ್ಯಲಾರ. ನಾನೂ ಅವುಗಳ ಹಗ್ಗ ಬಿಚ್ಚಲಾರೆ.