ಪಪ್ಪನ ಕ್ಲಚ್ಚು ಗಟ್ಟಿಯಾದ ವರ್ಷ

ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಭಾರ ಹೇರಿದ ಲಾರಿಯೊಂದು ಮುಂದೆ ಸಿಕ್ಕಿದರೆ ಸಾಕು, ಕ್ಲಚ್ ಸುಟ್ಟ ವಾಸನೆ ಕಾರಿನೊಳಗೆ ನುಗ್ಗುತ್ತದೆ. ಜೊತೆಗಿದ್ದವರು ಮೂಗು ಮುಚ್ಚಿಕೊಂಡು ಗಾಜು ಏರಿಸುತ್ತಾರೆ. ನಾನು ನನ್ನ ಬದಿಯದನ್ನು ಇಳಿಸುತ್ತೇನೆ. ನಿಮಗೂ ಹೀಗೆ ಯಾವುದೋ ಒಂದು ವಾಸನೆ ಇದ್ದೀತು, ಬೇರೆಯವರಿಗೆ ಬೇಡವಾದದ್ದು, ನಿಮಗೆ ಮಾತ್ರ ಬೇಕಾದದ್ದು. ಆ ಕಮಟು ನನ್ನನ್ನು ಕಾಪುವಿನ ನಮ್ಮ ಮನೆಯ ಅಂಗಳಕ್ಕೆ ಕರೆದೊಯ್ಯುತ್ತದೆ. ಆಗ ನನಗೆ ಹನ್ನೆರಡು ವರ್ಷ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಪಪ್ಪ ಬಿಳಿ ಅಂಗಿ ಕಳಚಿ, ಹಳೆಯ ಲುಂಗಿ ಸುತ್ತಿ, ಗೋಣಿಚೀಲ ಹಾಸಿ ಬೈಕಿನ ಬಳಿ ಕೂರುತ್ತಿದ್ದರು. ಒಳಗೆ ಮಮ್ಮಿ ಬಂಗುಡೆ ಹುರಿಯುವ ಸದ್ದು, ತೆಂಗಿನಮರಗಳಾಚೆ ಕಡಲಿನ ಸದ್ದು, ನಡುವೆ ಸ್ಪ್ಯಾನರಿನ ಟಿಣ್ ಟಿಣ್.

ಆ ಬೈಕು ಇಂಗ್ಲೆಂಡಿನದು, ಪಪ್ಪನಿಗಿಂತ ಹಿರಿಯದು. ಮನೆಗೆ ಬಂದವರು ಅದನ್ನು ಮೊದಲು ಮಾತಾಡಿಸಿ ಆಮೇಲೆ ನಮ್ಮನ್ನು ಮಾತಾಡಿಸುತ್ತಿದ್ದರು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಪಪ್ಪನಿಗೆ ಗಾಡಿಯ ತೊಂದರೆಯೂ ಒಂದು ಲೆಕ್ಕವೇ. ಗೇರ್ ಹಾಕುವಾಗ ಕರಕರ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಎಂಜಿನ್ ಕೂಗಿಯೂ ಗಾಡಿ ಓಡದಿದ್ದರೆ ಅದು ಸರಿಯಾಗಿ ಹಿಡಿಯುತ್ತಿಲ್ಲ. ನಿಂತೇ ಇದ್ದ ಗಾಡಿಯ ಕ್ಲಚ್ ಪ್ಲೇಟುಗಳು ಎಣ್ಣೆಗೆ ಒಂದಕ್ಕೊಂದು ಅಂಟಿರುತ್ತವೆ, ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲು ಎಡಗೈಯ ಲಿವರ್ ಒತ್ತಿ ಹಿಡಿದು ಕಿಕ್ಕರನ್ನು ನಾಲ್ಕು ಸಲ ತುಳಿಯಬೇಕು. ಇದೆಲ್ಲ ನನಗೆ ಮಗ್ಗಿಯಷ್ಟೇ ಬಾಯಿಪಾಠವಾಗಿತ್ತು. ಮನೆಯ ಒಬ್ಬಳೇ ಮಗಳು ನಾನು. ವಾರವಿಡೀ ಊರ ಮಕ್ಕಳಿಗೆಲ್ಲ ಹಂಚಿಹೋಗುವ ಪಪ್ಪ ಆ ಗೋಣಿಯ ಮೇಲೆ ಮಾತ್ರ ಪೂರ್ತಿ ನನಗೆ ಸಿಗುತ್ತಿದ್ದರು.

ಆ ವರ್ಷ ಮಳೆ ಬಿಟ್ಟ ಮೇಲೆ ಪಪ್ಪ ಕ್ಲಚ್ಚು ಗಟ್ಟಿಯಾಗಿದೆ ಎನ್ನತೊಡಗಿದರು. ಕೇಬಲ್ ಬಿಚ್ಚಿ ಮೊಳೆಗೆ ನೇತುಹಾಕಿ, ಮೇಲ್ತುದಿಗೆ ಚೀಲದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಅದಕ್ಕೆ ಎಣ್ಣೆ ಹೊಯ್ದು, ಅದು ಕೆಳತುದಿಯಲ್ಲಿ ತೊಟ್ಟಿಕ್ಕುವವರೆಗೆ ಕಾದರು. ಗಟ್ಟಿಯೇ. ಹೊಸ ಕೇಬಲ್ ಹಾಕಿದರು. ಗಟ್ಟಿಯೇ. ಕ್ಲಚ್ಚನ್ನು ತಳ್ಳುವ ಒಳಗಿನ ಉದ್ದದ ಸರಳನ್ನು ತೆಗೆದು, ಮಮ್ಮಿಯ ಕನ್ನಡಿಯ ಮೇಲೆ ಉರುಳಿಸಿ, ಸೊಟ್ಟಗಾಗಿಲ್ಲವೆಂದು ನೋಡಿಕೊಂಡರು. ಕೊನೆಗೆ ನನ್ನನ್ನು ಕರೆದರು. ಮುದ್ದಿಗೆ ನಾನು ಅವರಿಗೆ ಬಾಯೆ. "ಬಾಯೆ, ನೀನೊಮ್ಮೆ ಒತ್ತಿ ನೋಡು." ಎರಡು ಬೆರಳಲ್ಲಿ ಒತ್ತಿದೆ. ಲಿವರ್ ಸಲೀಸಾಗಿ ಹಿಡಿಗೆ ಬಂದು ತಾಗಿತು. ಪಪ್ಪನ ಮುಖ ನೋಡಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ರಿಸಲ್ಟ್ ಕೇಳಲು ನಿಂತ ಮಕ್ಕಳ ಹಾಗೆ. "ಗಟ್ಟಿ ಉಂಟು ಪಪ್ಪ" ಎಂದೆ. ಅವರು ಉಸಿರು ಬಿಟ್ಟು ನಕ್ಕರು.

ಆಮೇಲೆ ಪ್ಲೇಟುಗಳನ್ನು ಒತ್ತಿಹಿಡಿಯುವ ಸ್ಪ್ರಿಂಗುಗಳ ಸರದಿ. ಪ್ರತಿ ಭಾನುವಾರ ಅರ್ಧ ಸುತ್ತು ಸಡಿಲ. ಪ್ರತಿ ಸಲವೂ ನಾನು ಒತ್ತಿ ನೋಡುವುದು, ಪ್ರತಿ ಸಲವೂ ಅದೇ ಸುಳ್ಳು. ಸಡಿಲವಾದ ಕ್ಲಚ್ಚು ಒಂದು ದಿನ ಮಣಿಪಾಲದ ಏರಿನಲ್ಲಿ ಸ್ಲಿಪ್ ಹೊಡೆಯಿತು. ಎಂಜಿನ್ ಕೂಗುತ್ತಿತ್ತು, ಗಾಡಿ ಮೇಲೇರಲಿಲ್ಲ, ಸುಟ್ಟ ವಾಸನೆ ನಮ್ಮಿಬ್ಬರನ್ನೂ ಸುತ್ತಿಕೊಂಡಿತು. ಇಳಿದು ತಳ್ಳಿದೆವು. ಪಪ್ಪನ ಎಡಗೈ ಹಿಡಿಯಿಂದ ಎರಡು ಸಲ ಜಾರಿದ್ದನ್ನು ಕಂಡೆ. ಬೆವರಿಗೆ ಇರಬೇಕು ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ಇಷ್ಟಪಟ್ಟೆ.

ಮರುವಾರ ಟೆಂಪೋದಲ್ಲಿ ಬೈಕು ಹಾಕಿಕೊಂಡು ಕಾರ್ಕಳಕ್ಕೆ ಹೋದೆವು. ಅಲ್ಲಿ ಗ್ಯಾರೇಜು ಇಟ್ಟಿದ್ದ ಸಂಜೀವಣ್ಣ ಪಪ್ಪನ ಹಳೆಯ ಸ್ನೇಹಿತ. ಹೆಚ್ಚು ಮಾತಿಲ್ಲದ ಮನುಷ್ಯ. ಸುಟ್ಟ ಪ್ಲೇಟು ಬದಲಿಸಿ, ಸ್ಪ್ರಿಂಗುಗಳನ್ನು ಮೊದಲಿನ ಅಳತೆಗೇ ಬಿಗಿದು, ತಾವೊಮ್ಮೆ ಒತ್ತಿ ನೋಡಿದರು. ಪಪ್ಪನಿಗೂ ಒತ್ತಲು ಹೇಳಿದರು. ಪಪ್ಪ ಒತ್ತಿದರು; ಲಿವರ್ ಅರ್ಧಕ್ಕೆ ನಿಂತಿತು. ಸಂಜೀವಣ್ಣ ಬಟ್ಟೆಯಲ್ಲಿ ತಮ್ಮ ಕೈ ಒರೆಸಿಕೊಂಡು, ಪಪ್ಪನ ಎಡಗೈಯನ್ನು ಮಗುವಿನದೆಂಬಂತೆ ಎತ್ತಿಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು.

"ಮಾಷ್ಟ್ರೇ, ಗಾಡಿಯಲ್ಲಿ ಎಂತದ್ದೂ ಇಲ್ಲ" ಎಂದರು. "ನೀವು ಡಾಕ್ಟರಿಗೆ ಕೈ ತೋರಿಸಿ."

"ಇವಳಿಗೂ ಗಟ್ಟಿ ಆಗುತ್ತದಲ್ಲ" ಎಂದರು ಪಪ್ಪ.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಎಂದರು ಮಣಿಪಾಲದ ಡಾಕ್ಟರು. ಮೊದಲೇ ಬಂದಿದ್ದರೂ ಕೊಡಲು ಔಷಧ ಇರಲಿಲ್ಲ ಎಂದೂ ಮಮ್ಮಿಗೆ ಹೇಳಿದ್ದರಂತೆ. ನನಗೆ ಆಗ ಯಾರೂ ಅದನ್ನು ಹೇಳಲಿಲ್ಲ. ಮಾಘದ ಚಳಿಗೆ ಪಪ್ಪನ ಬಲಗೈಯೂ ಸೋತಿತು. ಅವರಿಗೆ ಗಂಜಿ ಕುಡಿಸುವಾಗ, ಅಂಗಿಯ ಗುಂಡಿ ಹಾಕುವಾಗ, ನನ್ನ ಸುಳ್ಳೇ ಅವರನ್ನು ಹೀಗೆ ಮಲಗಿಸಿತೆಂದು ಲೆಕ್ಕ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾಗದೆ ಹೇಳಿಯೇಬಿಟ್ಟೆ. ಅವರ ನಾಲಗೆ ಆಗಲೇ ತೊದಲುತ್ತಿತ್ತು.

"ಗೊತ್ತಿತ್ತು ಬಾಯೆ. ನೀನು ಎರಡೇ ಬೆರಳಲ್ಲಿ ಒತ್ತಿದ್ದೆ" ಎಂದರು. "ನನಗೂ ಅದೇ ಉತ್ತರ ಬೇಕಿತ್ತು."

ನಾನು ಅವರ ಹೊಟ್ಟೆಯ ಮೇಲೆ ಮುಖವಿಟ್ಟು ಅತ್ತೆ. ತಲೆ ಸವರಲು ಅವರಿಗೆ ಕೈ ಏಳಲಿಲ್ಲ. ನಾನೇ ಆ ಕೈ ತೆಗೆದು ನನ್ನ ತಲೆಯ ಮೇಲಿಟ್ಟುಕೊಂಡೆ.

ಈಸ್ಟರ್ ಕಳೆದ ಮೇಲೆ ಸಂಜೀವಣ್ಣ ಬೈಕು ಕೊಂಡೊಯ್ಯಲು ಬಂದರು, ಪಪ್ಪನೇ ಹೇಳಿಕಳಿಸಿದ್ದರು. ಪಪ್ಪನಿಗೆ ನೋವಾದೀತೆಂದು ಅವರು ಅದನ್ನು ಸದ್ದಿಲ್ಲದೆ ರಸ್ತೆಯವರೆಗೆ ತಳ್ಳಿಕೊಂಡು ಹೊರಟಾಗ ಪಪ್ಪ ಜಗಲಿಯ ಕುರ್ಚಿಯಿಂದ ತೊದಲುತ್ತ ತಡೆದರು. ಇಲ್ಲಿಯೇ ಸ್ಟಾರ್ಟ್ ಮಾಡಬೇಕು ಎಂಬುದು ನನಗೆ ಮಾತ್ರ ಅರ್ಥವಾಯಿತು, ನಾನು ಕೂಗಿ ಹೇಳಿದೆ. ಎಂಜಿನ್ ಎದ್ದಿತು. ಮೊದಲ ಗೇರು ಒಂದಿಷ್ಟೂ ಸದ್ದು ಮಾಡದೆ ಬಿತ್ತು. ಪಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೆಯದು ಗೇಟಿನ ಬಳಿ, ಮೂರನೆಯದು ತಿರುವಿನಲ್ಲಿ. "ಸರಿ ಉಂಟು" ಎಂದರು.

ಇನ್ನೊಂದು ಮಳೆಗಾಲ ಅವರು ನಮ್ಮೊಡನಿದ್ದರು, ಅದೂ ಪೂರ್ತಿಯಲ್ಲ. ವರ್ಷಗಳ ಮೇಲೆ ಹೆದ್ದಾರಿ ಅಗಲವಾದಾಗ ನಮ್ಮ ಜಗಲಿಯೂ ಅಂಗಳವೂ ಹೋದವು. ಉಳಿದ ಗೋಡೆಗಳನ್ನು ನಾವೇ ಕೆಡವಿಸಿದೆವು. ಈಗ ಅಲ್ಲಿ ಗಾಡಿಗಳು ನಿಲ್ಲುವುದಿಲ್ಲ, ನಿಲ್ಲಲು ಜಾಗವೂ ಇಲ್ಲ. ಪಡುಬಿದ್ರಿ ಕಡೆ ಹೋಗುವಾಗ ಆ ಜಾಗ ದಾಟುವ ಎರಡು ಕ್ಷಣ ನಾನು ಮಾತು ನಿಲ್ಲಿಸುತ್ತೇನೆ. ಪಕ್ಕದಲ್ಲಿ ಮಮ್ಮಿಯಿದ್ದರೆ ಅವರೂ ನಿಲ್ಲಿಸುತ್ತಾರೆ.